ಕಿವಿ ಮೇಸ್ತ್ರಿ ಮತ್ತು ಸದ್ದಿಲ್ಲದ ಕಾರು

ಮೇಸ್ತ್ರಿಯ ಎಡಗಿವಿ ಬಲಗಿವಿಗಿಂತ ತುಸು ಕೆಂಪು. ಮೂವತ್ತೆರಡು ವರ್ಷ ಅದಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿ ಒತ್ತಿ ಒತ್ತಿ ಹಾಗಾಗಿತ್ತು. ಓಡುತ್ತಿರುವ ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಒಳಗೆ ಯಾವ ವಾಲ್ವು ಸಡಿಲವಾಗಿದೆ, ಯಾವ ಬೇರಿಂಗು ಸವೆದಿದೆ, ಯಾವ ಪಿಸ್ಟನ್ನು ಮುನಿಸಿಕೊಂಡಿದೆ ಎಲ್ಲವೂ ಅವನಿಗೆ ತಿಳಿದುಬಿಡುತ್ತಿತ್ತು. ಊರಿನವರು ಅವನನ್ನು ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ಗೌರವಕ್ಕೆ.

ಒಂದು ಬೆಳಿಗ್ಗೆ ಮನೆಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದವನು, ರಸ್ತೆಯಲ್ಲಿ ಹಾದುಹೋದ ಕಾರಿನ ಸದ್ದು ಕೇಳಿ ಅರ್ಧ ಮುಖದ ನೊರೆಯಲ್ಲೇ ಓಡಿಹೋಗಿ ಅಡ್ಡ ನಿಂತಿದ್ದ. "ಸ್ವಾಮೀ, ನಿಲ್ಸಿ. ನಿಮ್ಮ ಟೈಮಿಂಗ್ ಬೆಲ್ಟು ಇವತ್ತೋ ನಾಳೆಯೋ ಅಂತಿದೆ. ಹೀಗೇ ಹೋದ್ರೆ ಎಂಜಿನ್ನು ಕೈಗೆ ಬರುತ್ತೆ." ಯಾರೋ ಏನೋ, ಹೆಸರು ಕುಲ ಗೊತ್ತಿಲ್ಲದ ಮನುಷ್ಯ. ಬಾನೆಟ್ಟು ತೆಗೆದು ನೋಡಿದರೆ ಬೆಲ್ಟಿನಲ್ಲಿ ಉಳಿದಿದ್ದು ನಾಲ್ಕು ಎಳೆ. ಈ ಕಥೆಯನ್ನು ಊರು ಇಪ್ಪತ್ತು ವರ್ಷ ಹೇಳಿತು. ಮೇಸ್ತ್ರಿ ಇಪ್ಪತ್ತೈದು ವರ್ಷ ಹೇಳಿದ.

ಹಳೇ ಕಾರು ಕೊಳ್ಳುವವರು ಅವನನ್ನು ಒಂದು ರೌಂಡು ಕೂರಿಸಿಕೊಂಡು ಹೋಗದೆ ಕೊಳ್ಳುತ್ತಿರಲಿಲ್ಲ. ಅದಕ್ಕೊಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂರಬೇಕು, ಯಾರೂ ಮಾತಾಡಬಾರದು, ರೇಡಿಯೋ ಹಾಕಬಾರದು. ರೌಂಡು ಮುಗಿದ ಮೇಲೆ ಮೇಸ್ತ್ರಿ ಬಾಯಿ ತೆಗೆದರೆ ಕಾರಿನಲ್ಲಿ ದೋಷವಿದೆ ಎಂದರ್ಥ. ಸುಮ್ಮನೆ ಬಾಗಿಲು ತೆಗೆದು ಇಳಿದು ಹೊರಟರೆ ಗಾಡಿ ಗಟ್ಟಿ. "ಮೇಸ್ತ್ರಿ ಸುಮ್ನೆ ಇಳಿದ್ರು" ಎಂದು ಮಾರುವವನು ಕೊಳ್ಳುವವನಿಗೆ ಹೇಳಿದರೆ ಸಾಕು, ಮುಂದಿನ ಮಾತೇ ಬೇಕಿರಲಿಲ್ಲ. ಹೊಗಳಲಿಕ್ಕೆ ಅವನಿಗೆ ಮನಸ್ಸೂ ಇರಲಿಲ್ಲ, ಅಭ್ಯಾಸವೂ ಇರಲಿಲ್ಲ. ಅವನ ಮೌನವೇ ಮುದ್ರೆ ಒತ್ತಿದ ಕಾಗದ.

ಇಂಥ ಮನುಷ್ಯನಿಗೆ ಒಬ್ಬ ಷಡ್ಡಕನಿದ್ದ. ಹೆಂಡತಿಯ ತಂಗಿಯ ಗಂಡ. ಹೊಟ್ಟೆಕಿಚ್ಚು ಸುಮ್ಮಸುಮ್ಮನೆ ಹುಟ್ಟುವುದಿಲ್ಲ ಎನ್ನುವವರಿಗೆ ಷಡ್ಡಕರಿಲ್ಲ ಎಂದು ಧಾರಾಳವಾಗಿ ತಿಳಿಯಬಹುದು. ಆದರೆ ಮೊದಲ ಹದಿನೆಂಟು ವರ್ಷ ನಮ್ಮ ಮೇಸ್ತ್ರಿಗೆ ಆ ಕಾಯಿಲೆ ಇರಲಿಲ್ಲ. ಇರಲಿಕ್ಕೆ ಕಾರಣವೂ ಇರಲಿಲ್ಲ. ಷಡ್ಡಕ ಮೋಟಾರ್ ವೈಂಡಿಂಗ್ ಮಾಡುವವನು. ಸಂದಿಯೊಂದರಲ್ಲಿ ಎರಡು ಮಾರು ಅಗಲದ ಅಂಗಡಿ. ಸುಟ್ಟ ಫ್ಯಾನು, ಸುಟ್ಟ ಮಿಕ್ಸಿ, ಸುಟ್ಟ ನೀರಿನ ಪಂಪು ಇವೇ ಅವನ ಪ್ರಪಂಚ. ತಾಮ್ರದ ತಂತಿಯನ್ನು ಸುತ್ತುತ್ತಾ ಕೂತಾಗ ಎಷ್ಟು ಸುತ್ತು ಎಂದು ಮನಸ್ಸಿನಲ್ಲೇ ಎಣಿಸಬೇಕಾದ್ದರಿಂದ ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಆ ಅಭ್ಯಾಸ ಮನೆಯಲ್ಲೂ ಮುಂದುವರಿದಿತ್ತು. ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದಾಗ ದೊಡ್ಡ ಅಳಿಯ ನಡುವಿನ ಕುರ್ಚಿಯಲ್ಲಿ ಕೂತು ಕಾರುಗಳ ಕಥೆ ಹೇಳುತ್ತಿದ್ದರೆ, ಚಿಕ್ಕ ಅಳಿಯ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತೆಯ ಮಿಕ್ಸಿ ಬಿಚ್ಚಿಕೊಂಡಿರುತ್ತಿದ್ದ.

ಆಗ ಮೇಸ್ತ್ರಿಗೆ ಅವನ ಮೇಲೆ ಬಹಳ ಪ್ರೀತಿ. ತನ್ನ ಹಳೇ ಸ್ಕೂಟರನ್ನು ಕೊಟ್ಟಿದ್ದ. ಬೆನ್ನು ತಟ್ಟಿ "ಬಿಡಪ್ಪಾ, ಎಲ್ಲರೂ ಎಂಜಿನ್ನಿಗೆ ಕೈ ಹಾಕಕ್ಕಾಗುತ್ತಾ" ಎನ್ನುತ್ತಿದ್ದ. ನಮಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವರನ್ನು ಪ್ರೀತಿಸುವುದು ಎಷ್ಟು ಸಲೀಸು ನೋಡಿ.

ಆಮೇಲೆ ಊರಿಗೆ ಎಲೆಕ್ಟ್ರಿಕ್ ಕಾರು ಬಂತು.

ಮೊದಲನೆಯದನ್ನು ತಂದವಳು ಹಲ್ಲಿನ ಡಾಕ್ಟರಮ್ಮ. ಹದಿನಾರು ವರ್ಷದಿಂದ ಮೇಸ್ತ್ರಿಯ ಗಿರಾಕಿ. ಅವನ ರಿಪೇರಿ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಗಾಜು ಇಳಿಸಿದಳು. ಅದು ಬಂದಿದ್ದೇ ಮೇಸ್ತ್ರಿಗೆ ಗೊತ್ತಾಗಿರಲಿಲ್ಲ, ಬೆನ್ನ ಹಿಂದೆ ಬೆಕ್ಕಿನ ಹಾಗೆ ಬಂದು ನಿಂತಿತ್ತು. ಬದುಕಿನಲ್ಲಿ ಮೊದಲ ಸಲ ಒಂದು ಕಾರು ಅವನ ಕಿವಿಗೆ ಹೇಳದೆ ಒಳಗೆ ಬಂದಿತ್ತು.

"ಮೇಸ್ತ್ರೀ, ಇದಕ್ಕೆ ಆಯಿಲ್ ಬದಲಾಯಿಸೋದೇ ಬೇಡವಂತೆ!" ಎಂದಳು ಡಾಕ್ಟರಮ್ಮ, ಸಂತೋಷದ ಸುದ್ದಿ ಹೇಳುವವಳ ಹಾಗೆ.

"ಬೊಂಬೆ ಕಾರು ತಾಯಿ. ಎರಡು ವರ್ಷ ಆಡಿ, ಆಮೇಲೆ ನನ್ನ ಹತ್ರಾನೇ ಬರ್ತೀರಾ" ಎಂದ ಮೇಸ್ತ್ರಿ.

ಅವಳು ಬರಲಿಲ್ಲ. ಅವಳ ಹಿಂದೆ ಔಷಧಿ ಅಂಗಡಿಯವನು ಹೋದ, ಅವನ ಹಿಂದೆ ಶಾಲೆಯ ಹೆಡ್‌ಮೇಷ್ಟ್ರು. ನಲವತ್ತೇಳನೇ ವಯಸ್ಸಿನಲ್ಲಿ ಷಡ್ಡಕ ಅಂಗಡಿಗೆ ಬೀಗ ಹಾಕಿ, ಬ್ಯಾಗು ಹೆಗಲಿಗೇರಿಸಿ, ಬೇರೆ ಊರಿಗೆ, ಎಲೆಕ್ಟ್ರಿಕ್ ಕಾರಿನ ರಿಪೇರಿ ಕಲಿಸುವ ಆರು ತಿಂಗಳ ತರಬೇತಿಗೆ ಹೊರಟ. ತರಗತಿಯಲ್ಲಿ ಉಳಿದವರೆಲ್ಲ ಅವನ ಮಗಳ ವಯಸ್ಸಿನವರು. ಮೇಸ್ತ್ರಿ ಅತ್ತೆಯ ಮನೆಯಲ್ಲಿ ಅದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಆರು ತಿಂಗಳ ಮೇಲೆ ಷಡ್ಡಕ ದಪ್ಪ ರಬ್ಬರಿನ ಕೈಗವಸು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ವಾಪಸು ಬಂದ. ಮುಖ್ಯರಸ್ತೆಯಲ್ಲಿ, ಮೇಸ್ತ್ರಿಯ ಶೆಡ್ಡಿನಿಂದ ನಾಲ್ಕು ಕಟ್ಟಡ ಆಚೆ, ಬಿಳೀ ಟೈಲ್ಸ್ ಹಾಕಿದ ಜಾಗ ಬಾಡಿಗೆಗೆ ಹಿಡಿದ. ವರ್ಷ ತುಂಬುವಷ್ಟರಲ್ಲಿ ಅಲ್ಲಿ ಕಾರುಗಳು ಸಾಲು ನಿಂತವು. ಮೇಸ್ತ್ರಿಯ ನಗು ಅಲ್ಲಿಗೆ ನಿಂತಿತು.

ಈಗ ಹೊಟ್ಟೆಕಿಚ್ಚು ಶುರುವಾಯಿತು. ಅದು ಸಣ್ಣಗೆ ಹೊಗೆಯಾಡುವ ಜಾತಿಯದಲ್ಲ, ಧಗಧಗ ಉರಿಯುವ ಜಾತಿಯದು. ಬೆಳಿಗ್ಗೆ ಶೆಡ್ಡಿಗೆ ಹೋಗುವಾಗ ಷಡ್ಡಕನ ಬಾಗಿಲ ಮುಂದೆ ಎಷ್ಟು ಕಾರು ನಿಂತಿವೆ ಎಂದು ನೋಡದಿರಲು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದ. ಆಚೆ ಬದಿಯಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ತನ್ನ ಶೆಡ್ಡಿನ ನೆಲ ಮೂವತ್ತೆರಡು ವರ್ಷದ ಆಯಿಲು ಕುಡಿದು ಕಪ್ಪಗಾಗಿತ್ತು. ಅಲ್ಲಿನ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಷಡ್ಡಕ ಕೆಲಸ ಮುಗಿಸಿ ಸುಮ್ಮನೆ ಕೈಗವಸು ಬಿಚ್ಚಿಟ್ಟು ಊಟಕ್ಕೆ ಕೂರುತ್ತಾನೆ, ತಾನು ಸೋಪು, ಸೀಮೆಎಣ್ಣೆ, ಮರದ ಪುಡಿ ಎಲ್ಲ ಹಾಕಿ ತಿಕ್ಕಿದರೂ ಉಗುರಿನ ಕಪ್ಪು ಹೋಗುವುದಿಲ್ಲ. ಷಡ್ಡಕನ ಬೆಳ್ಳನೆಯ ಉಗುರಿಗೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಷಡ್ಡಕನೇ ಶೆಡ್ಡಿಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಭಾವ, ಒಂದ್ ಮಾತು. ಮೋಟಾರು, ಬ್ಯಾಟರಿ ನನಗೆ ಅರ್ಥ ಆಗುತ್ತೆ. ಆದ್ರೆ ಈ ಗಾಡಿಗಳಿಗೂ ಚಕ್ರ ಇದೆ, ಬ್ರೇಕಿದೆ, ಸಸ್ಪೆನ್ಷನ್ ಇದೆ. ಬ್ಯಾಟರಿ ಭಾರ ಬೇರೆ, ಕೆಳಗಿನ ಸಾಮಾನೆಲ್ಲ ಬೇಗ ದಣಿಯುತ್ತೆ. ಅದು ನಿಮ್ಮ ವಿದ್ಯೆ. ನಾವಿಬ್ರೂ ಸೇರಿಕೊಂಡು ಮಾಡೋಣ್ವಾ?"

"ಅಂದ್ರೆ, ನಿನ್ನ ಕೈಕೆಳಗೆ ನಾನು ನಟ್ಟು ಬಿಗೀಬೇಕು."

"ಅಯ್ಯೋ, ಹಾಗಲ್ಲ ಭಾವ…"

"ನನ್ನ ಕಿವಿಗೆ ಕೆಲಸ ಇಲ್ಲ ನಿನ್ನ ಗಾಡೀಲಿ. ಸದ್ದೇ ಇಲ್ವಲ್ಲ. ಹೋಗು, ಗಿರಾಕಿ ಕಾಯ್ತಿರ್ತಾರೆ."

ಷಡ್ಡಕ ತಲೆಯಾಡಿಸಿ ಹೋದ. ಮೇಸ್ತ್ರಿ ಆವತ್ತು ಮಧ್ಯಾಹ್ನದವರೆಗೂ ಮಾತಿಗೆ ಮಾತು ಕೊಟ್ಟ ಖುಷಿಯಲ್ಲಿದ್ದ. ಮಧ್ಯಾಹ್ನದ ಮೇಲೆ ಶೆಡ್ಡಿಗೆ ಯಾರೂ ಬರಲಿಲ್ಲ, ಖುಷಿಯೂ ಉಳಿಯಲಿಲ್ಲ.

ಇಷ್ಟರಲ್ಲಿ ಷಡ್ಡಕ ತನಗೂ ಒಂದು ಕಾರು ಕೊಂಡ. ಹಳೆಯದು. ಕೆಲವು ತಿಂಗಳು ನೀರು ನಿಲ್ಲುವ ಬಯಲಿನಲ್ಲಿ ನಿಂತಿತ್ತು, ಬ್ಯಾಟರಿ ಸತ್ತಿದೆ ಎಂದು ಯಾರೂ ಮುಟ್ಟಿರಲಿಲ್ಲ. ಷಡ್ಡಕ ಅದರ ಹೊಟ್ಟೆ ಬಿಚ್ಚಿ, ನೂರಾರು ಸೆಲ್ಲುಗಳಲ್ಲಿ ಕೈಕೊಟ್ಟಿದ್ದ ಒಂದೇ ಒಂದು ಗುಂಪನ್ನು ಪತ್ತೆಹಚ್ಚಿ ಬದಲಾಯಿಸಿದ. ಕಾರು ಎದ್ದು ಕೂತಿತು. ಭಾನುವಾರ ಎಲ್ಲರನ್ನೂ ಒಂದು ರೌಂಡು ಕರೆದುಕೊಂಡು ಹೋಗುತ್ತೇನೆಂದು ಅತ್ತೆಯ ಮನೆಗೆ ತಂದ.

ಹೊರಡುವ ಮೊದಲು ಅತ್ತೆ ಕೇಳಿದಳು, "ಪೆಟ್ರೋಲಿಲ್ಲದೆ ಇದು ಹೇಗೆ ಓಡುತ್ತಪ್ಪಾ?" ಹದಿನೆಂಟು ವರ್ಷ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದವನು ನಡುಮನೆಗೆ ಬಂದು, ಅತ್ತೆಯ ಟೇಬಲ್ ಫ್ಯಾನನ್ನು ಎಲ್ಲರ ಮುಂದೆ ಇಟ್ಟ.

"ಇದೇ ಅತ್ತೆ. ದೊಡ್ಡ ಫ್ಯಾನು. ರೆಕ್ಕೆ ಬದಲು ಚಕ್ರ. ಸೀಟಿನ ಕೆಳಗೆ ಹಲಗೆ ಹಾಸಿದ ಹಾಗೆ ಬ್ಯಾಟರಿ ಇದೆ. ಅದು ಕೊಡೋದು ಒಂದೇ ದಿಕ್ಕಿಗೆ ಹರಿಯೋ ಕರೆಂಟು, ಮೋಟಾರಿಗೆ ಬೇಕಾದ್ದು ಹಿಂದೆ ಮುಂದೆ ಆಡೋ ಕರೆಂಟು. ನಡುವೆ ಒಂದು ಪೆಟ್ಟಿಗೆ ಕೂತು ಬದಲಾಯಿಸಿ ಕೊಡುತ್ತೆ. ಕಾಲಲ್ಲಿ ಎಷ್ಟು ಒತ್ತಿದ್ರೆ ಅಷ್ಟು ಕೊಡುತ್ತೆ. ಒತ್ತಿದ ಕ್ಷಣಾನೇ ಪೂರ್ತಿ ಶಕ್ತಿ, ಕಾಯೋದೇ ಇಲ್ಲ. ರಾತ್ರಿ ಮನೇಲೇ ಫೋನಿನ ಹಾಗೆ ಚಾರ್ಜಿಗೆ ಹಾಕಿ ಮಲಗಿದ್ರಾಯ್ತು."

"ಗೇರು?" ಎಂದ ಮೇಸ್ತ್ರಿ.

"ಒಂದೇ ಭಾವ. ಬದಲಾಯಿಸೋ ಹಾಗೇ ಇಲ್ಲ."

"ಕ್ಲಚ್ಚು?"

"ಇಲ್ಲ."

"ಸ್ಪಾರ್ಕ್ ಪ್ಲಗ್ಗು?"

"ಇಲ್ಲ."

"ಸೈಲೆನ್ಸರು?"

"ಹೊಗೆಯೇ ಇಲ್ವಲ್ಲ ಭಾವ."

ಒಂದೊಂದು 'ಇಲ್ಲ'ಕ್ಕೂ ಮೇಸ್ತ್ರಿಗೆ ತನ್ನ ಶೆಡ್ಡಿನ ಒಂದೊಂದು ಕಪಾಟಿಗೆ ಬೀಗ ಬಿದ್ದ ಹಾಗಾಯಿತು. ಷಡ್ಡಕ ವಿನಯದಿಂದಲೇ ಹೇಳುತ್ತಿದ್ದ. ಆ ವಿನಯವೇ ಮೈಯೆಲ್ಲ ಉರಿಸುತ್ತಿತ್ತು. ಜಂಬ ಕೊಚ್ಚಿಕೊಂಡಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು.

"ದಾರಿ ಮಧ್ಯೆ ಖಾಲಿಯಾದ್ರೆ? ಡಬ್ಬಿಯಲ್ಲಿ ಕರೆಂಟು ತರ್ತೀಯಾ?"

"ಅದೊಂದು ಕಷ್ಟ ಇದೆ ಭಾವ, ಸುಳ್ಳು ಹೇಳಲ್ಲ. ಮೊದಲೇ ಲೆಕ್ಕ ಹಾಕ್ಕೊಂಡು ಹೊರಡಬೇಕು. ದಾರೀಲಿ ಚಾರ್ಜಿಗೆ ನಿಂತ್ರೆ ಊಟ ಮುಗಿಸೋಷ್ಟು ಹೊತ್ತು ಕಾಯಬೇಕು."

ಕಷ್ಟವನ್ನೂ ಒಪ್ಪಿಕೊಂಡುಬಿಟ್ಟ, ಅಲ್ಲೂ ಮೇಸ್ತ್ರಿಗೆ ಹಿಡಿತ ಸಿಗಲಿಲ್ಲ.

ಅತ್ತೆ ಮುಂದಿನ ಸೀಟಿನಲ್ಲಿ ಕೂತಳು. ಮೊದಲೆಲ್ಲ ಅವಳು ಹಾಗೆ ಕೂರುತ್ತಿದ್ದುದು ದೊಡ್ಡ ಅಳಿಯನ ಕಾರಿನಲ್ಲಿ ಮಾತ್ರ. ಮೇಸ್ತ್ರಿ ಅವಳ ಹಿಂದೆ, ಎಡಗಿಟಕಿಯ ಪಕ್ಕ. ಅವನ ಹೆಂಡತಿ, ನಾದಿನಿ ಒತ್ತಿಕೊಂಡು ಕೂತರು. ಕಾರು ಹೊರಟಿದ್ದು ಮರಗಳು ಹಿಂದೆ ಸರಿದಾಗಲೇ ಗೊತ್ತಾದದ್ದು. ನಡುಕವಿಲ್ಲ, ಎಳೆತವಿಲ್ಲ, ವಾಸನೆಯಿಲ್ಲ. ಊರಾಚೆಯ ಗುಡ್ಡ ಹತ್ತಿ ಇಳಿಯುವಾಗ ಷಡ್ಡಕ ಪರದೆ ತೋರಿಸಿದ. ಅದರಲ್ಲಿ ಬ್ಯಾಟರಿಯ ಚಾರ್ಜು ಶೇಕಡಾ ಅರವತ್ತೆಂಟು ಇದ್ದದ್ದು ಇಳಿಯುತ್ತಿದ್ದ ಹಾಗೆ ಅರವತ್ತೊಂಬತ್ತಾಯಿತು.

"ಕಾಲು ತೆಗೆದ್ರೆ ಮೋಟಾರೇ ಡೈನಮೋ ಆಗುತ್ತೆ ಭಾವ. ಚಕ್ರ ಅದನ್ನ ತಿರುಗಿಸುತ್ತೆ, ಕರೆಂಟು ಹುಟ್ಟಿ ಬ್ಯಾಟರಿಗೆ ವಾಪಸ್ಸು. ಗಾಡಿ ನಿಧಾನವೂ ಆಗುತ್ತೆ. ಬ್ರೇಕಿನ ಪ್ಯಾಡು ಸವೆಯೋದೂ ಕಡಿಮೆ."

ಜೀವಮಾನವೆಲ್ಲ ಇಳಿಜಾರಿನಲ್ಲಿ ಕಾದು ಕೆಂಪಾಗಿ ವಾಸನೆ ಹೊಡೆಯುವ ಬ್ರೇಕುಗಳನ್ನು ಬಿಚ್ಚಿದವನು ಮೇಸ್ತ್ರಿ. ಆ ಬಿಸಿಯೆಲ್ಲ ಗಾಳಿಗೆ ಹೋಗುತ್ತಿತ್ತಲ್ಲ, ಇದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಒಳಗೇ ಕುದಿದ. ಆ ಯೋಚನೆ ಮಾಡಿದವನು ಯಾರೋ, ಎಲ್ಲಿಯವನೋ. ಆದರೂ ಸಿಟ್ಟು ಮುಂದೆ ಕೂತ ಷಡ್ಡಕನ ಕುತ್ತಿಗೆಯ ಮೇಲೇ.

ಆಗ ಅವನ ಕಿವಿ ನಿಮಿರಿತು.

ಬಲಕ್ಕೆ ತಿರುವಿತ್ತು. ತಿರುವಿನಲ್ಲಿ ಮುಂದಿನ ಎಡಚಕ್ರದ ಕಡೆಯಿಂದ ಸಣ್ಣಗೆ 'ಊಂ' ಎಂದು ಕೇಳಿಸಿತು. ಎಡಕ್ಕೆ ತಿರುಗಿದಾಗ ಇಲ್ಲ. ಮತ್ತೆ ಬಲಕ್ಕೆ ತಿರುಗಿದಾಗ, ಭಾರವೆಲ್ಲ ಎಡಚಕ್ರದ ಮೇಲೆ ಬಿದ್ದಾಗ, ಮತ್ತೆ 'ಊಂ'. ಚಕ್ರದ ಬೇರಿಂಗು. ನೀರಿನಲ್ಲಿ ನಿಂತ ಗಾಡಿ, ಒಳಗೆ ತುಕ್ಕು ಹಿಡಿದು ಗುಂಡುಗಳು ಒರಟಾಗಿವೆ. ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಮೇಸ್ತ್ರಿಗೂ ಇಷ್ಟು ಬೇಗ ಕೇಳುತ್ತಿರಲಿಲ್ಲ. ಈ ಸದ್ದಿಲ್ಲದ ಕಾರಿನಲ್ಲಿ ಅದು ಖಾಲಿ ಮನೆಯಲ್ಲಿ ಸೊಳ್ಳೆ ಕೂಗಿದ ಹಾಗೆ ಕೇಳಿತು. ಉಳಿದವರಿಗೆ ಏನೂ ಕೇಳಲಿಲ್ಲ. ಷಡ್ಡಕನಿಗೂ ಇಲ್ಲ.

ಹೇಳಬೇಕೆಂದು ಬಾಯಿ ತೆಗೆದ. ನಿಜಕ್ಕೂ ತೆಗೆದ. ಅದೇ ಹೊತ್ತಿಗೆ ಅತ್ತೆ ಹಿಂದೆ ತಿರುಗಿ, "ಚಿಕ್ಕ ಅಳಿಯಂದ್ರ ಗಾಡೀಲಿ ಹೊಟ್ಟೇಲಿರೋ ನೀರು ಅಲುಗಲ್ಲಮ್ಮಾ. ದೊಡ್ಡ ಅಳಿಯಂದ್ರ ಗಾಡೀಲಿ ಕೂತ್ರೆ ಎರಡು ದಿನ ಸೊಂಟ ಹಿಡ್ಕೊಳ್ಳುತ್ತೆ" ಎಂದಳು. ಎಲ್ಲರೂ ನಕ್ಕರು. ಮೇಸ್ತ್ರಿಯ ಹೆಂಡತಿಯೂ ನಕ್ಕಳು.

ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಮನೆಯ ಮುಂದೆ ಕಾರು ನಿಂತಾಗ ಸುಮ್ಮನೆ ಬಾಗಿಲು ತೆಗೆದು ಇಳಿದು ಹೋದ.

ಎರಡನೇ ಭಾನುವಾರ ಮತ್ತೆ ರೌಂಡು. ಈ ಸಲ ಮೇಸ್ತ್ರಿ ಯಾರೂ ಕರೆಯುವ ಮೊದಲೇ ಹೋಗಿ ಅದೇ ಜಾಗದಲ್ಲಿ ಕೂತ. 'ಊಂ' ಸ್ವಲ್ಪ ದಪ್ಪವಾಗಿತ್ತು. ಅದನ್ನು ಕೇಳಿ ಅವನಿಗೆ ಹೊಟ್ಟೆಗೆ ಹಾಲು ಹುಯ್ದಷ್ಟು ಹಿತವಾಯಿತು. ಇಡೀ ಊರು ಮೆಚ್ಚಿದ ಕಾರಿನಲ್ಲಿ ಒಂದು ಹುಳುಕು, ಅದು ತನ್ನೊಬ್ಬನಿಗೇ ಗೊತ್ತು. ಅತ್ತೆ ಹೊಗಳುತ್ತಿದ್ದರೆ ತಾನೂ ತಲೆಯಾಡಿಸಿದ. ಬೇರಿಂಗು ಏನು, ತಿಂಗಳುಗಟ್ಟಲೆ ಹೀಗೇ ಗುಂಯ್‌ಗುಡುತ್ತಿರುತ್ತೆ, ಯಾರ ಜೀವವೂ ಹೋಗಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಒಂದಲ್ಲ ಒಂದು ದಿನ ಷಡ್ಡಕನಿಗೂ ಕೇಳಿಸುತ್ತದೆ. ಲ್ಯಾಪ್‌ಟಾಪು ಚುಚ್ಚಿ ನೋಡುತ್ತಾನೆ, ಅದರಲ್ಲಿ ಏನೂ ಬರುವುದಿಲ್ಲ. ತಲೆ ಬಗ್ಗಿಸಿಕೊಂಡು ಶೆಡ್ಡಿಗೆ ಬಂದು "ಭಾವ, ಏನೋ ಸದ್ದು" ಎನ್ನುತ್ತಾನೆ. ಆಗ ತಾನು ಕುರ್ಚಿಯಿಂದ ಏಳದೆಯೇ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ, "ಮುಂದಿನ ಎಡಚಕ್ರ" ಎನ್ನಬೇಕು. ಆ ಎರಡು ಪದಗಳನ್ನು ಮೇಸ್ತ್ರಿ ಹಗಲೆಲ್ಲ ಚಪ್ಪರಿಸಿದ.

ಮೂರನೇ ಭಾನುವಾರದ ಹೊತ್ತಿಗೆ ಸದ್ದು 'ಊಂ' ಬಿಟ್ಟು 'ಗರ್' ಎನ್ನಲು ಶುರುವಿಟ್ಟಿತ್ತು. ಇಳಿದು ಬರುತ್ತಿದ್ದವನ ಮುಖ ನೋಡಿ ಹೆಂಡತಿ, "ಏನ್ರೀ, ಆ ಕಾರು ಕಂಡ್ರೆ ಆಗ್ತಿರಲಿಲ್ಲ, ಈಗ ಇಳಿಯುವಾಗೆಲ್ಲ ಮುಖ ಅರಳಿರುತ್ತೆ?" ಎಂದಳು.

"ಗಾಡಿ ಚೆನ್ನಾಗಿದೆ" ಎಂದ ಮೇಸ್ತ್ರಿ.

ಮರುವಾರ ಅತ್ತೆಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಸ್ಪತ್ರೆಯಿರುವುದು ಘಟ್ಟದಾಚೆಯ ಪಟ್ಟಣದಲ್ಲಿ, ನಾಲ್ಕೂವರೆ ಗಂಟೆಯ ದಾರಿ. ಘಟ್ಟವೆಂದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಬುಧವಾರ ಬೆಳಿಗ್ಗೆ ಆರಕ್ಕೆ ಷಡ್ಡಕನ ಕಾರಿನಲ್ಲೇ ಹೊರಡುವುದೆಂದು ಅಕ್ಕತಂಗಿಯರು ಮಾತಾಡಿಕೊಂಡಿದ್ದರು. ಸುದ್ದಿ ಮೇಸ್ತ್ರಿಗೆ ತಲುಪಿದ್ದು ಮಂಗಳವಾರ, ಹೆಂಡತಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ.

"ನನ್ನ ಗಾಡೀಲಿ ಹೋಗಿ" ಎಂದ.

"ಯಾಕೆ?"

"ಯಾಕೆ ಅಂದ್ರೆ? ಹದಿನೆಂಟು ವರ್ಷ ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾರು?"

ಹೆಂಡತಿ ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟಳು. "ನೋಡಿ, ನಿಮ್ಮ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ಲ ಅಂತಲ್ಲ. ಅಮ್ಮನ ಸೊಂಟ ಆ ಗಾಡೀಲಿ ನೋಯಲ್ಲ. ಒಂದು ದಿನ ಬಿಟ್ಟುಕೊಡಿ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಆದರೆ ಈಗ ಹೇಳಿದರೆ ಹೊಟ್ಟೆಕಿಚ್ಚಿಗೆ ಕಟ್ಟಿದ ಕಥೆ ಎನ್ನುತ್ತಾಳೆ. ಅಲ್ಲ ಎಂದು ಸಾಧಿಸಬೇಕಾದರೆ ಯಾವಾಗ ಕೇಳಿಸಿತು ಎಂದು ಹೇಳಬೇಕಾಗುತ್ತದೆ. ಇಷ್ಟು ದಿನ ಓಡಿದೆ, ಇನ್ನೊಂದು ದಿನ ಓಡುತ್ತದೆ ಎಂದುಕೊಂಡು ಮಲಗಿದ.

ಬೆಳಿಗ್ಗೆ ಆರಕ್ಕೆ ಕಾರು ಅತ್ತೆಯ ಮನೆಯ ಬಾಗಿಲಲ್ಲಿತ್ತು. ಸಾಮಾನು ತುಂಬುತ್ತಿದ್ದರು. ಕಳಿಸಿಕೊಡಲು ಬಂದ ಮೇಸ್ತ್ರಿ ಕೈ ಕಟ್ಟಿಕೊಂಡು ಮುಂದಿನ ಎಡಚಕ್ರದ ಪಕ್ಕ ನಿಂತಿದ್ದ. ಅಲ್ಲಿ ಬೇರೆಲ್ಲೂ ನಿಲ್ಲಲು ಅವನ ಕಾಲು ಒಪ್ಪಲಿಲ್ಲ. ನಾದಿನಿ ನೀರಿನ ಬಾಟಲಿಗಳನ್ನು ಎದೆಗವುಚಿಕೊಂಡು ಬಂದಳು.

"ಭಾವ, ನಿಮ್ಮಿಂದ ನಮಗೆ ಧೈರ್ಯ ನೋಡಿ. ನಿನ್ನೆ ಇವರು ಬ್ಯಾಟರಿ, ಮೋಟಾರು, ಟೈರಿನ ಗಾಳಿ ಎಲ್ಲ ನೋಡಿದ್ರು. ಘಟ್ಟದ ದಾರಿ, ಚಕ್ರದ ಕಡೇನೂ ಯಾರಿಗಾದ್ರೂ ತೋರಿಸ್ರೀ ಅಂದೆ. 'ಮೂರು ಭಾನುವಾರ ಭಾವ ಕೂತಿದ್ದಾರೆ, ಮೂರು ಸಲಾನೂ ಸುಮ್ನೆ ಇಳಿದಿದ್ದಾರೆ. ಇನ್ಯಾರಿಗೆ ತೋರಿಸ್ಲಿ' ಅಂದ್ಬಿಟ್ರು."

ಮೇಸ್ತ್ರಿ ಕಟ್ಟಿದ್ದ ಕೈ ಬಿಚ್ಚಿ ಚಕ್ರದ ಕಡೆ ನೋಡಿದ. ಮೂವತ್ತೆರಡು ವರ್ಷ ಕಟ್ಟಿದ್ದ ಮಾತಿಲ್ಲದ ಭರವಸೆಯನ್ನು ಈ ಮನುಷ್ಯ ಮೂರು ಸಲ ಪಡೆದು, ಅದರ ಮೇಲೆ ಅತ್ತೆಯನ್ನೂ, ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ಘಟ್ಟ ಇಳಿಯಲು ಹೊರಟಿದ್ದಾನೆ. ಷಡ್ಡಕ ಅಷ್ಟರಲ್ಲಿ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಳ್ಳುತ್ತಿದ್ದ.

"ಇಳಿ" ಎಂದ ಮೇಸ್ತ್ರಿ.

"ಭಾವ?"

"ಇಳಿಯಪ್ಪಾ ಅಂದೆ. ಅತ್ತೇನೂ ಇಳಿಸು. ಜಾಕು ಎಲ್ಲಿದೆ?"

ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿದರು. ಮೇಸ್ತ್ರಿ ಒಗೆದ ಷರ್ಟಿನಲ್ಲೇ ನೆಲದ ಮೇಲೆ ಮಂಡಿಯೂರಿ ಚಕ್ರ ಎತ್ತಿದ. ಷಡ್ಡಕನ ಕೈ ಹಿಡಿದು ಚಕ್ರದ ಹಿಂದಿನ ಸಂದಿಗೆ ತೂರಿಸಿ, ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲೆ ಇಡಿಸಿ, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದ. ಒಳ್ಳೇ ಚಕ್ರ ತಿರುಗಿದರೆ ಸ್ಪ್ರಿಂಗಿಗೆ ಗೊತ್ತೇ ಆಗಬಾರದು. ಇಲ್ಲಿ ಅದು ಮರಳು ಬೀಸುವ ಬೀಸುಕಲ್ಲಿನ ಹಾಗೆ ಗರಗರ ನಡುಗಿತು. ಆಮೇಲೆ ಮೇಸ್ತ್ರಿ ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದ. ಚಕ್ರ ಸಡಿಲ ಹಲ್ಲಿನ ಹಾಗೆ ಆಚೀಚೆ ಆಡಿತು.

ಷಡ್ಡಕ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆ ಕೈಯಲ್ಲಿ ಅವನು ಎಷ್ಟೋ ವರ್ಷ ಸುಟ್ಟ ತಂತಿಗಳನ್ನು ಮುಟ್ಟಿ ನೋಡಿದ್ದ, ಮುಟ್ಟಿದರೆ ಅವನಿಗೂ ಅರ್ಥವಾಗುತ್ತಿತ್ತು.

"ಘಟ್ಟದಲ್ಲಿ ಇದು ಹಿಡ್ಕೊಂಡು ಚಕ್ರ ನಿಂತುಬಿಟ್ಟಿದ್ರೆ…" ಎಂದು ಅರ್ಧಕ್ಕೇ ನಿಲ್ಲಿಸಿದ. ಮತ್ತೆ ಕೇಳಿದ, "ಯಾವಾಗಿನಿಂದ ಇದೆ ಭಾವ ಇದು?"

'ಈಗ ತಾನೇ ಗೊತ್ತಾಯ್ತು' ಎನ್ನಬಹುದಿತ್ತು. ಚಕ್ರದ ಪಕ್ಕ ನಿಂತಿದ್ದೆ, ಅನುಮಾನ ಬಂತು ಎಂದರೆ ಎಲ್ಲರೂ ನಂಬುತ್ತಿದ್ದರು, ಅದರ ಮೇಲೆ ಇನ್ನೊಂದು ಇಪ್ಪತ್ತೈದು ವರ್ಷದ ಕಥೆ ಹುಟ್ಟುತ್ತಿತ್ತು. ಮೇಸ್ತ್ರಿಯ ಬಾಯಿ ಆ ಸುಳ್ಳಿಗೆ ಸಿದ್ಧವೂ ಆಯಿತು. ಆದರೆ ಷಡ್ಡಕನ ಕೈ ಇನ್ನೂ ಸ್ಪ್ರಿಂಗಿನ ಮೇಲೇ ಇತ್ತು.

"ಮೊದಲನೇ ಭಾನುವಾರದಿಂದ" ಎಂದ, ನೆಲ ನೋಡುತ್ತಾ. "ಬಲಗಡೆ ತಿರುವಿನಲ್ಲಿ ಕೇಳಿಸ್ತು. ಹೇಳಲಿಲ್ಲ."

ಬ್ಯಾಗು ಹಿಡಿದು ಹಿಂದೆ ನಿಂತಿದ್ದ ಹೆಂಡತಿಗೂ ಅದು ಕೇಳಿಸಿತು. ಅವಳು ಬ್ಯಾಗನ್ನು ಕೆಳಗಿಟ್ಟಳು. ಷಡ್ಡಕ ಅವನ ಮುಖ ನೋಡಿದ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾಕಪ್ಪಾ ನಿಂತ್ಬಿಟ್ರಿ?" ಎಂದು ಜಗಲಿಯಿಂದ ಅತ್ತೆ ಕೂಗಿದಳು. ಪೊರೆ ಬಂದ ಕಣ್ಣಿಗೆ ಚಕ್ರದ ಹತ್ತಿರ ಕೂತ ಇಬ್ಬರು ಅಳಿಯಂದಿರಲ್ಲಿ ಯಾರು ಯಾರೆಂದೂ ಕಾಣುತ್ತಿರಲಿಲ್ಲ.

ಷಡ್ಡಕ ಎದ್ದು ಕೈ ಒರೆಸಿಕೊಂಡ. "ಚಕ್ರದ ಬೇರಿಂಗು ಹೋಗಿದೆ ಅತ್ತೆ. ಭಾವ ಪಕ್ಕದಲ್ಲಿ ನಿಂತೇ ಹಿಡಿದುಬಿಟ್ರು. ನನಗೆ ಗೊತ್ತೇ ಆಗ್ತಿರಲಿಲ್ಲ. ಬನ್ನಿ, ಭಾವನ ಗಾಡೀಲಿ ಹೋಗೋಣ."

"ಅದಕ್ಕೇ ನಾನು ಹೇಳೋದು!" ಎಂದಳು ಅತ್ತೆ, ಕೈಯನ್ನು ತೊಡೆಗೆ ಬಡಿದು. "ಎಷ್ಟು ಹೊಸ ಗಾಡಿ ಬಂದ್ರೂ ದೊಡ್ಡ ಅಳಿಯಂದ್ರ ಕಿವಿ ಬರುತ್ತಾ?"

ಮೂರು ವರ್ಷದಿಂದ ಮೇಸ್ತ್ರಿ ಕಾದಿದ್ದ ಮಾತು ಅದು. ಬಂತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಏಳು ಗಂಟೆಗೆ ಅವನ ಹಳೇ ಪೆಟ್ರೋಲ್ ಕಾರು ಗುಡುಗುತ್ತಾ ಹೊರಟಿತು. ಅತ್ತೆ ಮುಂದೆ, ಸೊಂಟದ ಕೆಳಗೆ ಎರಡು ದಿಂಬು. ಹಿಂದೆ ಹೆಂಡತಿ, ನಾದಿನಿ, ಎಡಗಿಟಕಿಯ ಪಕ್ಕ ಷಡ್ಡಕ. ಊರು ದಾಟುವವರೆಗೂ ಅತ್ತೆ ಹಳೇ ಟೈಮಿಂಗ್ ಬೆಲ್ಟಿನ ಕಥೆಯನ್ನು, ಅರ್ಧ ಗಡ್ಡದ ಸಮೇತ, ಮೊದಲಿನಿಂದ ಹೇಳಿದಳು. ಹೆಸರು ಕುಲ ಗೊತ್ತಿಲ್ಲದವನಿಗೆ ಅಡ್ಡ ನಿಂತು ಹೇಳಿದ ಅಳಿಯ ಎಂದಳು. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಮೇಸ್ತ್ರಿ ಸ್ಟೇರಿಂಗು ಬಿಗಿಯಾಗಿ ಹಿಡಿದಿದ್ದ.

"ಅಲ್ವೇನಪ್ಪಾ?" ಎಂದು ಅತ್ತೆ ಹಿಂದಕ್ಕೆ ಕೇಳಿದಳು.

"ಹೌದು ಅತ್ತೆ" ಎಂದ ಷಡ್ಡಕ. "ವಾಪಸ್ಸು ಬಂದ ಮೇಲೆ ಆ ಚಕ್ರ ಭಾವನೇ ಬಿಚ್ಚಬೇಕು. ನಾನು ಪಕ್ಕದಲ್ಲಿ ಕೂತು ಕಲೀತೀನಿ."

ಮೇಸ್ತ್ರಿ ಕನ್ನಡಿಯಲ್ಲಿ ಅವನ ಮುಖ ನೋಡಿದ. ಅಲ್ಲಿ ವ್ಯಂಗ್ಯವಿರಬಹುದೆಂದು ಹುಡುಕಿದ, ಸಿಗಲಿಲ್ಲ. ಗಿರಾಕಿಗಳನ್ನು ಕಳೆದುಕೊಂಡಾಗಲೂ, ಆ ಬಿಳೀ ನೆಲ ಕಂಡಾಗಲೂ, ಅರವತ್ತೆಂಟು ಅರವತ್ತೊಂಬತ್ತಾದಾಗಲೂ ಉರಿಯದಷ್ಟು ಜೋರಾಗಿ ಅವನ ಹೊಟ್ಟೆ ಈಗ ಉರಿಯಿತು. ಇಂಥ ಮನಸ್ಸು ಈ ವೈಂಡಿಂಗಿನವನಿಗೆ ಇರುವುದಾದರೆ ತನಗೆ ಯಾಕಿಲ್ಲ ಎಂದು ಕೇಳಿಕೊಳ್ಳುತ್ತಾ, ಘಟ್ಟದ ಮೊದಲ ಬಲತಿರುವಿಗೆ ಗೇರು ಬದಲಾಯಿಸಿದ.